ಕೈಗವಸಿಗೆ ಸಿಗುವ ಗುಂಡಿ

ಉಲಾನ್‌ಬಾತರಿನ ಸಂತೆಯಲ್ಲಿ ನಾನು
ಕಲ್ಲಾದ ಹಾಲನ್ನು ತುಂಡು ಮಾಡಿ ಮಾರುವವಳು.
ಮೈನಸ್ ಮೂವತ್ತು. ಫೋನು ಒಳಜೇಬಲ್ಲೇ ಇರಬೇಕು,
ಹೊರಗೆ ತೆಗೆದರೆ ಬ್ಯಾಟರಿ ಅಲ್ಲೇ ಪ್ರಾಣ ಬಿಡುತ್ತದೆ.

ಹಾಗಾಗಿ ತುಮೆನನ ಅಂಗಡಿ.
ಮೊದಲನೆಯದು ಕಿವಿ ಹಿಂಡಿತು, ಗಣಿತದ ಮೇಷ್ಟರ ಹಾಗೆ.
ಎರಡನೆಯದು ಮೆತ್ತಗೇನೋ ಇತ್ತು,
ನರಿ ತುಪ್ಪಳದ ಟೋಪಿಯೊಳಗೆ ಹೋಗಲೊಲ್ಲದು.
ಇನ್ನೊಂದರ ವೈರು ಚಳಿಗೆ ಸೆಟೆದು
ಒಣ ಕರುಳಿನಂತೆ ಕಟಕಟ ಅಂದಿತು.
"ಇದು ನೋಡಕ್ಕ, ಬಾಸ್ ಎದೆಗೇ ಗುದ್ದುತ್ತೆ."
ಗುದ್ದುವುದು ಬೇಡ ಮಾರಾಯ,
ದಪ್ಪ ಕೈಗವಸಿಗೆ ಗುಂಡಿ ಸಿಗಬೇಕು, ಬಗ್ಗಿ ನೋಡದೆ.

ಐದನೆಯದು. ಗದ್ದದ ಕೆಳಗೆ, ವೈರಿನ ನಡುವೆ
ಮೂರು ಗುಂಡಿ; ನಡುವಿನದಕ್ಕೊಂದು ಉಬ್ಬು,
ಕರುವಿಗೆ ಆಗಷ್ಟೇ ಮೂಡಿದ ಕೊಂಬಿನಂತೆ.
"ಫೋನ್ ಮಾಡು ನನಗೆ," ಅಂದೆ.
ಮೇಜಿನ ಆಚೆ ಅವನು, ಈಚೆ ನಾನು.
ಒತ್ತಿದೆ. ಕಿವಿಯೊಳಗೇ ಬಂದು ನಿಂತ:
"ನಲವತ್ತು ಸಾವಿರ."
"ಇಪ್ಪತ್ತೈದು," ಅಂದೆ, ಎದುರಿಗಿದ್ದವನ ಮುಖ ನೋಡದೆ.
ಅವನೂ ಬೆನ್ನು ತಿರುಗಿಸಿದ. ದೂರದೂರಿನವರಂತೆ
ಬಹಳ ಹೊತ್ತು ಚೌಕಾಸಿ ಮಾಡಿದೆವು;
ಅಮ್ಮನ ಮಂಡಿನೋವು ಹೇಗಿದೆ ಅಂತಲೂ ಕೇಳಿದ,
ಎದುರು ನಿಂತು ಯಾವತ್ತೂ ಕೇಳದವನು.

ಮೂವತ್ತಕ್ಕೆ ಇಳಿದಾಗ
ನಾನೇ ಉಬ್ಬು ಒತ್ತಿ ಮಾತು ಮುಗಿಸಿದೆ.
ದುಡ್ಡು ಎಣಿಸಲು ಮಾತ್ರ ಕೈಗವಸು ತೆಗೆಯಬೇಕಾಯಿತು.