ಎರಡಕ್ಕಷ್ಟೇ ದುಡ್ಡು

ಮೇ ಕಡೆಯ ವಾರ. ತೀರ್ಥಹಳ್ಳಿಯ ಸಿರಿಲ್ಲಣ್ಣ
ನನ್ನ ಮೀನುಗಾಡಿಯ ಟೈರಿನ ಗೀರಿಗೆ
ರೂಪಾಯಿ ನಾಣ್ಯ ತೂರಿಸಿ ನೋಡಿದ.
ಅಂಚೂ ಮುಳುಗಲಿಲ್ಲ.

"ಇದು ಹನ್ನೆರಡು ತಿಂಗಳಿಂದು ಮಾರಾಯ,
ಎಲ್ಲ ಕಾಲಕ್ಕೂ ಸೈ, ಯಾವ ಕಾಲಕ್ಕೂ ಪೂರ್ತಿ ಅಲ್ಲ.
ನಮ್ಮ ಭಾವನ ಥರ."
ಇನ್ನೊಂದನ್ನು ಉರುಳಿಸಿಕೊಂಡು ಬಂದ:
ಆಳ ಗೀರು, ಮೆತ್ತನೆ ರಬ್ಬರು,
ಮಳೆಗೆಂದೇ ಹುಟ್ಟಿದ್ದು;
ಬೇಸಿಗೆ ಡಾಂಬರಿಗೆ ಬೇಗ ಸವೆಯುತ್ತದಂತೆ.

ಹುಲಿಕಲ್ ಘಾಟಿ ನೆನಪಾಯಿತು.
ಬೆಳಗಿನ ಜಾವ ನಾಲ್ಕು, ಮಂಜಿನಲ್ಲಿ ಹೆಡ್‌ಲೈಟು ಒಡೆದ ಹಾಲು.
ಪಾಚಿ ಹತ್ತಿದ ತಿರುವಿನಲ್ಲಿ ಗಾಡಿ
ಐಸು, ಬೂತಾಯಿ, ನನ್ನ ಸಮೇತ
ಒಂದು ಗಳಿಗೆ
ಕಣಿವೆಯ ಮಾತು ಕೇಳಿತ್ತು.

ಜೇಬಿನಲ್ಲಿದ್ದದ್ದು ಎರಡರ ದುಡ್ಡು.
"ಮುಂದಕ್ಕೆ ಹಾಕು" ಅಂದೆ.
ಅವನು ತಲೆ ಅಡ್ಡ ಆಡಿಸಿದ.
"ಹಿಂದಕ್ಕೆ.
ಮುಂದಿಂದು ಜಾರಿದ್ರೆ ಕೈಗೆ ತಿಳಿಯುತ್ತೆ.
ಹಿಂದಿಂದು ಜಾರಿದ್ಮೇಲೆ
ತಿಳಿಯೋಕೆ ನೀನಿರಬೇಕಲ್ಲ."

ಹಾಕಿಸಿದೆ.
ಬಿಚ್ಚಿದವನ್ನೂ ಬಿಡದೆ ಹೊತ್ತು ತಂದೆ,
ಜನವರಿಗಾದರೂ ಆದೀತು.
ಹೊಸ ರಬ್ಬರಿನ ಸಣ್ಣ ಮುಳ್ಳು ಇನ್ನೂ ಉದುರಿಲ್ಲ.
ಈಗ ದಿನಾ ಆಕಾಶ ನೋಡುತ್ತೇನೆ,
ಕೊಟ್ಟ ದುಡ್ಡಿಗಾದರೂ
ಒಂದು ಹನಿ ಬೀಳಬಾರದೆ.