ಮೂರು ನಿಮಿಷ ಆಯ್ತು

ಇಪ್ಪತ್ತೆರಡು ವರ್ಷ ನಾನು
ಕ್ಯಾಂಪಿನ ಎಕ್ಸ್‌ಚೇಂಜಿನೊಳಗ ಎತ್ತರದ ಸ್ಟೂಲಿನ ಮ್ಯಾಲೆ ಕೂತು
ಊರಿಗೆ ಊರು ಕೂಡಿಸೀನಿ.
ಈ ಕೈಯಾಗ ಅಥಣಿ, ಆ ಕೈಯಾಗ ಪುಣೆ,
ನಡುವ ಒಂದು ಹಗ್ಗ, ತುದಿಗೆ ಹಿತ್ತಾಳಿ ಮೂಗು.
ತೂತಿಗೆ ಹಾಕಿದರ ಮಾತು, ಕಿತ್ತರ ಮೌನ.
ಇಷ್ಟಽ ನನ್ನ ವಿದ್ಯೆ.

ಮೊನ್ನೆ ಮಧ್ಯಾಹ್ನ ಶಹಾಪುರದ ಮನಿಯೊಳಗ
ತಂಗಿ ಕುಮುದಾ ಚೀರಿದಳು.
ಭಿಶಿ ಲೆಕ್ಕ ಬರೆಯಾಕ ಕೂತಾಕಿ,
ಇಪ್ಪತ್ತಾರು ಹೆಣ್ಮಕ್ಕಳ ರೊಕ್ಕದ ಹಾಳಿ ತೆರೆದಿಟ್ಟು
ನಡುವ ಯಾವುದೋ ಕುಂದಾ ಮಾಡೋ ವಿಡಿಯೋ ಒತ್ತಿದಾಳ.
ಪರದೆ ತುಂಬ ಕುಂಕುಮದ ಬಟ್ಟಲು ಚೆಲ್ಲಿದಂಗ ಕೆಂಪು,
ಒಳಗೊಂದು ಸೈರನ್:
ನಿಮ್ಮ ಕಂಪ್ಯೂಟರಿಗೆ ವೈರಸ್. ಬಂದ್ ಮಾಡಬೇಡಿ.
ಕೂಡಲೇ ಈ ನಂಬರಿಗೆ ಕರೆ ಮಾಡಿ.

ನಾನು ಬರೋದ್ರಾಗ ಆಕಿ ಹಚ್ಚೇ ಬಿಟ್ಟಿದ್ದಳು.
ಕಸಗೊಂಡು ಕಿವಿಗಿಟ್ಟೆ.
ಹುಡುಗ. ಹಿಂದಿ, ಬಾಯಿಪಾಠದ್ದು.
ಗಾಬರಿ ಆಗಬೇಡಿ ಅಂದ. ಹೆದರಿಸಿದವರಽ ಹಂಗನ್ನೋದು.
ಸಣ್ಣದೊಂದು ಪ್ರೋಗ್ರಾಂ ಇಳಿಸ್ಕೊಳ್ರಿ,
ಒಂಬತ್ತು ಅಂಕಿ ಕಾಣತಾವ, ಓದಿ ಹೇಳ್ರಿ,
ಮುಂದಿಂದು ನಾನಽ ನೋಡ್ಕೋತೀನಿ ಅಂದ.

ಅವನ ಮಾತು ನಾ ಕೇಳಲಿಲ್ಲ.
ಮಾತಿನ ಹಿಂದಿಂದು ಕೇಳಿದೆ; ನಮಗ ಅದಽ ರೂಢಿ.
ಮಳಿ ಹಿಡಿದರ ಖಾನಾಪುರದ ಲೈನು ಕರಕರ ಅಂತಿತ್ತು,
ರಾಮದುರ್ಗದ್ದು ಬಾವಿಯೊಳಗಿಂದ ಬಂದಂಗ,
ನಿಪ್ಪಾಣಿ ತಂಬಾಕದ ಸೇಠ ಹಲೋಕ್ಕಿಂತ ಮೊದಲು ಕೆಮ್ಮತಿದ್ದ.
ಇವನ ಹಿಂದ ಒಂದು ದೊಡ್ಡ ಖೋಲಿ.
ಫ್ಯಾನು. ಡಬ್ಬಿ ಮುಚ್ಚಳ ಬಿದ್ದ ಸಪ್ಪಳ.
ಹತ್ತು ಹನ್ನೆರಡು ಬಾಯಿ, ಎಲ್ಲಾ ಬಾಯಿಗೂ ಅದಽ ವಾಕ್ಯ:
ಗಾಬರಿ ಆಗಬೇಡಿ, ಗಾಬರಿ ಆಗಬೇಡಿ.
ನಮ್ಮ ಹಂಗಽ ಸಾಲಾಗಿ ಕೂತಾರ, ಅನಕೊಂಡೆ.
ನಾವು ಎರಡೂ ಕಡೆ ಕೇಳಿ ಹಗ್ಗ ಹಾಕತಿದ್ದೆವು.

ಒಂಬತ್ತು ಅಂಕಿ ಅಂದರ ಏನು, ನನಗ ಯಾರೂ ಹೇಳಬೇಕಾಗಿರಲಿಲ್ಲ.
ಹಿತ್ತಾಳಿ ಮೂಗು ಅವನ ಕೈಯಾಗ ಐತಿ,
ನಮ್ಮ ಮನಿ ತೂತು ಯಾವುದು ಅಂತ ಕೇಳಾಕತ್ತಾನ.

"ಹೇಳ ಅಕ್ಕಾ, ಹೇಳಿಬಿಡ, ಮಂದಿ ರೊಕ್ಕ!" ಅಂತ ಕುಮುದಾ.
ಎಷ್ಟೋ ವರ್ಷಕ್ಕ ಆ ದನಿ ತಾನಽ ಎದ್ದು ಬಂತು,
ನೆಟ್ಟಗ, ಇಸ್ತ್ರಿ ಹೊಡದಂಗ:
ಮೂರು ನಿಮಿಷ ಆಯ್ತು. ಮುಂದುವರಿಸತೀರೇನು?
ಒಂದು ಉಸಿರು ತಡದ.
ಅವನ ಚೀಟಿಯೊಳಗ ಇದಕ್ಕ ಉತ್ತರ ಬರದಿರಲಿಲ್ಲ.
ಫೋನು ಇಟ್ಟೆ. ಬಗ್ಗಿ, ಮೇಜಿನ ಬುಡಕ ನುಗ್ಗಿ
ಇಂಟರ್ನೆಟ್ಟಿನ ವಾಯರು ಕಿತ್ತೆ.
ಮೌನ. ಸೊಂಟ ಹಿಡೀತು, ಅದು ಬ್ಯಾರೆ.

ಸಂಜೀಕ ಎದುರುಮನಿ ನೌಶೀನ ಬಂದು ನೋಡಿದಳು.
ಬರೇ ಬೆದರಗೊಂಬಿ ಇದು ಆಂಟಿ, ಅಂತ ಕಿಟಕಿ ಮುಚ್ಚಿದಳು, ಹೋತು.
ಆದರ ಎಂಟು ತಿಂಗಳಿಂದ ಅಪ್‌ಡೇಟ್ ಇಲ್ಲ,
ಪಾಸ್‌ವರ್ಡು ನೋಡಿದರ ಕುಮುದಾ ಒನ್ ಟೂ ತ್ರೀ!
ಬೈದಳು. ಬೈಸಿಗೊಂಡ್ವಿ.
ರಾತ್ರಿ ಎರಡಕ್ಕ ಲೈನ್ ಟೆಸ್ಟ್ ಮಾಡದಽ ಬೆಳಗು ಕಂಡಾಕಿ ಅಲ್ಲ ನಾನು,
ಈ ಪೆಟ್ಟಿಗಿಗೆ ಮಾತ್ರ 'ನಾಳೆ' ಒತ್ತಿ ಒತ್ತಿ ಮಲಗಿಸಿದ್ದೆ.
ಭಿಶಿ ಲೆಕ್ಕದ ಇನ್ನೊಂದು ಪ್ರತಿ ಈಗ ಪೆನ್‌ಡ್ರೈವಿನೊಳಗ,
ಪೆನ್‌ಡ್ರೈವು ಸಾಸಿವಿ ಡಬ್ಬಿಯೊಳಗ.
(ಸಾಸಿವಿ ಅಂದದ್ದು ಸುಳ್ಳು.)

ಪಾಸ್‌ವರ್ಡು ಉದ್ದ ಇರಬೇಕು, ಮಂದಿಗೆ ಹೊಳೀಬಾರದು,
ನಿಮಗ ಮರೀಬಾರದು, ಅಂದಳು ಹುಡುಗಿ.
ನಕ್ಕೆ.
ಸತ್ತ ನಂಬರು ಸಾವಿರ ಅದಾವು ಈ ತಲಿಯಾಗ,
ಎರಡಂಕಿ, ಮೂರಂಕಿ, ಒಂದೊಂದು ಊರಿನ ಕೈ ಹಿಡಕೊಂಡು.
ಮುಚ್ಚಿದ ನೂಲಿನ ಗಿರಣಿ, ಹೆರಿಗಿ ದವಾಖಾನಿ,
ದಿನಾ ರಾತ್ರಿ ಹತ್ತಕ್ಕ ಹಚ್ಚಿಸಿ
ಏನೂ ಮಾತಾಡದಽ ಇಡೋ ಒಬ್ಬ ಮಾಸ್ತರ.
ನಾಕು ಆರಿಸಿ ಹೆಣದೆ. ಯಾವ ನಾಕು, ಕೇಳಬ್ಯಾಡ್ರಿ.

ಮುಂಜಾನೆ ಒಂದೊಂದಽ ಒತ್ತತೀನಿ.
ಪರದೆ ಮ್ಯಾಲೆ ಬರೇ ಕರೀ ಚುಕ್ಕಿ.
ಎಲ್ಲೋ, ಈಗಿಲ್ಲದ ಮನಿಯೊಳಗ, ಗಂಟಿ ಹೊಡಿತೈತಿ.
ಯಾರೂ ಎತ್ತೂದಿಲ್ಲ.
ಬಾಗಲಾ ತೆರಿತೈತಿ.