ಕಿತ್ತಳೆ ಬಣ್ಣದ ಮಣಿ

ಟೂಸಾನಿನ ಪೂರ್ವದಂಚಿಗೆ,
ರಸ್ತೆಗೆ ಹೆಸರು ಬಂದು ದೀಪ ಇನ್ನೂ ಬಂದಿರದ ಬಡಾವಣೆಗೆ
ನಾವು ಬಂದಿಳಿದ ಮೂರನೆಯ ವಾರ
ಗ್ಯಾರೇಜಿನಲ್ಲಿ, ಬಟ್ಟೆ ಒಗೆಯುವ ಯಂತ್ರದ ಹಿಂದೆ
ಕಾದ ಬಾಣಲೆಗೆ ನೀರು ಬಿದ್ದ ಸದ್ದು.
ಯಂತ್ರ ಕೆಟ್ಟಿತು ಅಂದುಕೊಂಡೆ.
ಯಂತ್ರಕ್ಕೆ ನನ್ನನ್ನು ಕಂಡರೆ ಸಿಟ್ಟು ಬರುವುದಿಲ್ಲ
ಎಂದು ಹೊಳೆಯಲು ಎರಡು ಉಸಿರು ಬೇಕಾಯಿತು.

ಡೆಲ್ಮರ್ ಸಲಿಕೆ ಎತ್ತಿ ನಿಂತ.
ಸಲಿಕೆಯ ಹಿಡಿ ನಾಲ್ಕಡಿ, ಅವನ ಧೈರ್ಯ ಅದಕ್ಕಿಂತ ಗಿಡ್ಡ.
ನಾನು ಕೂಗಿದ್ದು "ಯಾರಾದರೂ ಕಾಪಾಡಿ" ಎಂದು;
ಬಂದವಳು ಪಕ್ಕದ ಮನೆಯ ಸೊಕೊರೊ.
ಅವಳ ತಾಯ್ನುಡಿಯಲ್ಲಿ ಆ ಹೆಸರಿಗೂ ಅದೇ ಅರ್ಥವೆಂದು
ತಿಳಿದದ್ದು ಎಷ್ಟೋ ದಿನದ ಮೇಲೆ.

ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದವಳು.
ಒಂದು ಕೈಯಲ್ಲಿ ಉದ್ದನೆಯ ಇಕ್ಕಳ, ಇನ್ನೊಂದರಲ್ಲಿ ಮುಚ್ಚಳದ ಬಕೆಟ್ಟು.
"ಇಳಿಸಪ್ಪ ಅದನ್ನ. ಕಚ್ಚಿಸಿಕೊಂಡವರೆಲ್ಲ
ಮೊದಲು ಸಲಿಕೆ ಎತ್ತಿದವರೇ."
ತುಂಟ ಹುಡುಗನನ್ನು ಬಸ್ಸಿನಿಂದ ಇಳಿಸುವ ಹಾಗೆ
ಬೈಯದೆ, ಬಿಡದೆ, ನಡುವಿಗೆ ಹಿಡಿದು
ಬಕೆಟ್ಟಿಗಿಳಿಸಿದಳು.
ಕೋಲೂ ಉಳಿಯಿತು, ಹಾವೂ ಉಳಿಯಿತು,
ನಮ್ಮ ಮಾನ ಮಾತ್ರ ಸ್ವಲ್ಪ ಮುರಿಯಿತು.

ಆಮೇಲೆ, ಬಾಲವಷ್ಟೇ ಹೊರಗುಳಿಯುವಂತೆ ಮುಚ್ಚಳ ಒತ್ತಿ
ಜೇಬಿನಿಂದ ತೆಗೆದಳು ಉಗುರಿನ ಬಣ್ಣದ ಶೀಶೆ.
ಮೊಮ್ಮಗಳದು. ಯಾರದೋ ಮದುವೆಗೆಂದು ತಂದ ಕಿತ್ತಳೆ.
ಗಿಲಕಿಯ ಬುಡದ ಮಣಿಗೆ ಒಂದೇ ಒಂದು ಎಳೆ.
"ಹಾವಿಗೂ ಶೃಂಗಾರವೇ?" ಡೆಲ್ಮರ್ ನಕ್ಕ, ಈಗ ನಗಬಹುದಿತ್ತಲ್ಲ.
"ಅಲ್ಲ," ಅಂದಳು, "ವಿಳಾಸ."

ಬೆಟ್ಟದಾಚೆ ಬಿಟ್ಟುಬನ್ನಿ ಎಂದು ಬೇಡಿಕೊಂಡೆ.
"ಗೊತ್ತಿಲ್ಲದ ಕಡೆ ಬಿಟ್ಟರೆ
ಮನೆ ಹುಡುಕುತ್ತ ಹುಡುಕುತ್ತ ರಸ್ತೆಯಲ್ಲೇ ಸಾಯುತ್ತದೆ."
ಒಣ ಹಳ್ಳದಾಚೆ, ಪಾಲೊ ವೆರ್ಡೆ ಮರದ ಬುಡ, ನೂರು ಹೆಜ್ಜೆ.
"ಅಷ್ಟು ಹತ್ತಿರವೇ?"
"ಅದು ನಿನ್ನನ್ನ ಕೇಳಿತಾ, ಎಷ್ಟು ದೂರದಿಂದ ಬಂದೆ ಅಂತ?"

ಗ್ಯಾರೇಜಿನ ಬಾಗಿಲಡಿಗೆ ರಬ್ಬರಿನ ಪಟ್ಟಿ ಬಂತು,
ಸೌದೆಯ ರಾಶಿ ಹೋಯಿತು, ಹಕ್ಕಿಗೆ ಕಾಳು ಚೆಲ್ಲುವುದು ನಿಂತಿತು,
ಪಾಪಸುಕಳ್ಳಿಯ ಸಂದಿನಲ್ಲಿ ಇಲಿ ಕಟ್ಟಿದ್ದ ಕಸದ ಅರಮನೆಯೂ.
ಹಾವಿನ ಹೆಜ್ಜೆ ಹಾವೇ ಬಲ್ಲದು;
ಇಲಿಯ ಹೆಜ್ಜೆಯನ್ನಾದರೂ ಅಳಿಸಿದೆವು.

ಮರುವರ್ಷ ಜುಲೈ. ಮೊದಲ ಮಳೆಗೆ ಮರುಭೂಮಿಯ ಪೊದೆಗಳೆಲ್ಲ
ಟಾರು ಹಚ್ಚಿದಂತೆ ಘಮ್ಮೆಂದಿದ್ದ ಸಂಜೆ
ನೀರಿನ ಪೈಪಿನ ಪಕ್ಕ ಇನ್ನೊಂದು ಸುರುಳಿ.
ಕಿತ್ತಳೆ ಬಣ್ಣ, ಬುಡದಿಂದ ಎರಡನೆಯ ಮಣಿಯಲ್ಲಿ!
"ಒಂದು ವರ್ಷಕ್ಕೊಂದು ಮಣಿ," ಎಂದೆ, ಲೆಕ್ಕ ಸಿಕ್ಕವಳಂತೆ.
"ವರ್ಷವಲ್ಲ, ಪೊರೆ. ಹೊಟ್ಟೆ ತುಂಬಿದ ವರ್ಷ ಎರಡೋ ಮೂರೋ,
ಹಸಿದ ವರ್ಷ ಒಂದಾದರೆ ಪುಣ್ಯ."

ನಾನೂ ಹಾಗೇ ಎಣಿಸತೊಡಗಿದೆ.
ಡೆಲ್ಮರ್ ಪೆಟ್ಟಿಗೆ ಕಟ್ಟಿಕೊಂಡು ಹೊರಟ ವರ್ಷ: ಮಣಿಯಿಲ್ಲ.
(ಸಲಿಕೆ ಬಿಟ್ಟುಹೋದ.)
ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಖಾಯಂ ಆದ ವರ್ಷ: ಒಂದು.
ಈಜಲು ಕಲಿತದ್ದು, ನಲವತ್ತೇಳರಲ್ಲಿ: ಅದಕ್ಕೆ ಎರಡು ಕೊಟ್ಟುಕೊಂಡೆ,
ಯಾರು ಕೇಳುತ್ತಾರೆ.

ಈ ಮಾರ್ಚಿನಲ್ಲಿ ಸೊಕೊರೊ ಮಡಚುವ ಕುರ್ಚಿಯಲ್ಲಿ ಕೂತು
ನಡುಗುವ ಬೆರಳಿನಿಂದ ದಾರಿ ತೋರಿಸಿದಳು.
ಇಕ್ಕಳ ನನ್ನ ಕೈಯಲ್ಲಿ.
"ನಡು, ನಡು. ಕುತ್ತಿಗೆ ಅಲ್ಲ. ಉಸಿರಾಡು, ನೀನು."
ಬಾಲದ ತುದಿ ಮುರಿದಿತ್ತು. ಉಳಿದವು ನಾಲ್ಕೇ ಮಣಿ,
ನಾಲ್ಕೂ ಒಣ ಹುಲ್ಲಿನ ಬಣ್ಣ.
"ಅದೇನಾ?"
ಕನ್ನಡಕ ಹಾಕಿ ನೋಡಿದಳು, ತೆಗೆದು ನೋಡಿದಳು,
ಶೀಶೆ ಚಾಚಿದಳು. ಒಳಗೆ ಬಣ್ಣ ಗಟ್ಟಿಯಾಗಿ
ಕುಂಚ ಕಚ್ಚಿಕೊಂಡು ಬಿಡಲೊಲ್ಲದು.

ಗುರುತಿಲ್ಲದೆಯೇ ಹೊತ್ತು ನಡೆದೆ, ನೂರು ಹೆಜ್ಜೆ,
ಬಕೆಟ್ಟು ಮೆಲ್ಲಗೆ ವಾಲಿಸಿ ಹಿಂದೆ ಸರಿದೆ.
ಅದು ಆಚೀಚೆ ನೋಡಲಿಲ್ಲ.
ಕತ್ತಲಲ್ಲೂ ದೀಪದ ಗುಂಡಿಗೆ ತಡವರಿಸದೆ
ಸ್ವಂತ ಮನೆಯೊಳಗೆ ಹೋಗುವವರ ಹಾಗೆ
ಬೇರಿನಡಿಯ ಬಿಲದೊಳಗೆ ಹೋಯಿತು.